ಪಟ್ಟಿಯಲ್ಲಿದ್ದ ಹನ್ನೊಂದನೆಯವನು

ಸ್ನೇಹಿತರೇ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇವತ್ತು ಹದಿನೈದು ಓವರಿನ ಪಂದ್ಯಾವಳಿಗೆಂದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ರೈಲಿನಲ್ಲಿ ಹೋದೆವು. ಪುಳಿಯೋಗರೆ, ಹಾಡು, ಗಲಾಟೆ ಎಲ್ಲ ಇತ್ತು. ಆಟಗಾರರು ಮಾತ್ರ ಹತ್ತೇ ಜನ. ನಮ್ಮ ಕ್ಯಾಪ್ಟನ್ ರಾಮರಾವ್ ಮೇಷ್ಟ್ರು ಹೋದ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಅಂಪೈರ್ ಕೈಗೆ ಕೊಟ್ಟಿದ್ದರು.

ಮೂರನೇ ಓವರಿಗೇ ಎದುರಾಳಿ ಕ್ಯಾಪ್ಟನ್ ಜಗಳಕ್ಕೆ ಬಂದ. “ಹತ್ತೇ ಜನ ಅಂದ್ರಲ್ಲ ಸ್ವಾಮಿ, ಹುಣಸೆಮರದ ಹತ್ರ ನಿಂತಿರೋನು ಯಾರು? ಹೊರಗಿನವರನ್ನ ಸೇರಿಸ್ಕೊಂಡ್ರೆ ಪಂದ್ಯ ನಮ್ದೇ.”

“ಅಲ್ಲಿ ಯಾರೂ ಇಲ್ಲ ಕಣಪ್ಪ,” ಎಂದರು ಮೇಷ್ಟ್ರು.

“ಬಿಳಿ ಟೋಪಿ, ಸೊಂಟದ ಮೇಲೆ ಕೈ. ಕಣ್ ಕಾಣಲ್ವಾ ನಿಮಗೆ?”

ಅಂಪೈರ್ ಪಟ್ಟಿ ನೋಡಿದರು. “ಹನ್ನೊಂದನೇ ಹೆಸರು ಇದೆಯಲ್ಲಪ್ಪ, ಸುಬ್ಬಣ್ಣ ಅಂತ. ಆಡ್ರಿ, ಆಡ್ರಿ.”

ಸುಬ್ಬಣ್ಣ ತೀರಿಕೊಂಡು ಎಂಟು ತಿಂಗಳಾಗಿದೆ.

ಮುಂದಿನ ಚೆಂಡನ್ನು ಬ್ಯಾಟ್ಸ್‌ಮನ್ ಆ ಮರದ ಕಡೆಗೇ ಹೊಡೆದ. ನಮ್ಮವರು ಒಬ್ಬರೂ ಕದಲಲಿಲ್ಲ. ಚೆಂಡು ವಾಪಸ್ ಬಂತು. ಒಂದು ಸಲ ಪುಟಿದು, ವಿಕೆಟ್ ಕೀಪರ್ ಆದ ನನ್ನ ಎಡಕ್ಕೆ ಎರಡು ಮಾರು ದೂರ ಹೋಯಿತು. ಐದು ವರ್ಷ ಸುಬ್ಬಣ್ಣ ಹಾಗೆಯೇ ಎಸೆದಿದ್ದ.

ಪಂದ್ಯ ಗೆದ್ದೆವು. ಅಂಪೈರ್ ಪಟ್ಟಿ ವಾಪಸ್ ಕೊಟ್ಟರು. “ಆ ಹೆಸರು ಹೊಡೆದುಹಾಕೋ,” ಎಂದು ಮೇಷ್ಟ್ರು ನನ್ನ ಕೈಗೆ ಪೆನ್ನು ಕೊಟ್ಟರು. ನಾನು ಪಕ್ಕದವನಿಗೆ ದಾಟಿಸಿದೆ. ಪೆನ್ನು ಎಲ್ಲರ ಕೈ ಸುತ್ತಿ ಮೇಷ್ಟ್ರ ಜೇಬಿಗೇ ಮರಳಿತು.

ಫೀಲ್ಡಿಂಗ್ ಸರಿಯಿಲ್ಲವೆಂದು ಬದುಕಿದ್ದಾಗ ಅವನನ್ನು ಮೂರು ಸಲ ತಂಡದಿಂದ ಕೈಬಿಟ್ಟ ಧೀರರು ನಾವೇ.