ಹಳ್ಳದಾಚೆಯ ಹುಡುಗಿಯ ಹಾಜರಿ

ಸಿರುಗುಪ್ಪದಲ್ಲಿ ನಾಲ್ಕನೇ ಕ್ಲಾಸು ಓದುವಾಗ ನನಗೆ ಹೊಟ್ಟೆಕಿಚ್ಚು ಇದ್ದದ್ದು ಒಬ್ಬಳ ಮೇಲೆ. ಅವಳು ನನಗಿಂತ ಜಾಣೆಯಲ್ಲ, ಚೆಲುವೆಯೂ ಅಲ್ಲ. ಅವಳ ಮನೆ ಹಳ್ಳದಾಚೆ ಇತ್ತು, ಅಷ್ಟೇ.

ಬಳ್ಳಾರಿಯ ಕೌಲ್ ಬಜಾರಿನಿಂದ ಬಂದಿದ್ದ ನಮ್ಮ ಮೇಷ್ಟ್ರ ಕಾಯಿದೆ ಬಿಗಿ. ಜ್ವರ ಬಂದರೆ ಮಾಫಿ, ಮನೆಯಲ್ಲಿ ಸಾವಾದರೆ ಮಾಫಿ. ಹಳ್ಳ ತುಂಬಿ ಬಂದ ದಿನ ಆಚೆ ದಡದ ಮಕ್ಕಳಿಗೆ ಬರೀ ಮಾಫಿಯಲ್ಲ, ಸಾಲೆಗೆ ಬಂದಂತೆಯೇ ಲೆಕ್ಕ. ಮನೆಯಲ್ಲಿ ಕೂತಿದ್ದರೂ ಹಾಜರಿ. ಮನೆಗೆಲಸದ ನೆಪವನ್ನು ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹಾಗೆ ಮೇಲಿಂದ ಮೇಲೆ ತಪ್ಪಿಸಿದವರ ಹೆಸರು ಹೊಡೆದುಹಾಕುತ್ತಿದ್ದರು.

ನಮ್ಮ ಮನೆ ಸಾಲೆಯ ಹಿಂದೆಯೇ. ನನಗೆ ಅಡ್ಡ ಬರುತ್ತಿದ್ದದ್ದು ತಮ್ಮ. ನಾಟಿ ಶುರುವಾದರೆ ಅವ್ವ ಗದ್ದೆಗೆ ಹೋಗುವಳು, ಕೂಸು ನನ್ನ ಸೊಂಟಕ್ಕೆ. ಆಕೆ ಆಚೆ ದಡದಲ್ಲಿ ಹುರಿಗಡಲೆ ತಿನ್ನುತ್ತಾ ಕೂತಿದ್ದಾಳೆ, ಆಕೆಗೆ ಹಾಜರಿ. ನಾನು ಕೂಸಿನ ಹೇಲು ಬಳಿಯುತ್ತಿದ್ದೇನೆ, ನನಗೆ ಗೈರು. ಇದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಆ ವರ್ಷದ ನಾಟಿಯಲ್ಲಿ ಮೇಷ್ಟ್ರು, ಇನ್ನೊಂದು ಸಲ ತಪ್ಪಿಸಿದರೆ ನನ್ನ ಹೆಸರು ಇರುವುದಿಲ್ಲ ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದರು.

ಮೇಲ್ಗಡೆ ಎಲ್ಲೋ ಮಳೆಯಾಗಿ ಹಳ್ಳ ತುಂಬಿ ಬಂದ ದಿನ ಅವ್ವ ಕೂಸನ್ನು ನನಗೆ ಕೊಟ್ಟು ಹೋದಳು. ಗೈರಾಗಬಾರದೆಂದು ನಾನು ಅದನ್ನು ಎತ್ತಿಕೊಂಡೇ ಸಾಲೆಗೆ ಹೋದೆ. ಕೂಸಿನ ಸಮೇತ ಒಳಗೆ ಬರಬೇಡ ಅಂದರು ಮೇಷ್ಟ್ರು. ಹೊರಗಿನ ಕಟ್ಟೆಯ ಮೇಲೆ ಕೂತೆ, ಹೆಸರು ಕರೆದಾಗ ಅಲ್ಲಿಂದಲೇ ಕೂಗಿದರಾಯಿತೆಂದು.

ಆಗ ಅವಳು ಬಂದಳು, ಅಪ್ಪನ ಹೆಗಲ ಮೇಲೆ. ಆತ ಎದೆಮಟ್ಟ ತೊಯ್ದು ನಡುಗುತ್ತಿದ್ದ. ಅವಳ ಲಂಗಕ್ಕೆ ಒಂದು ಹನಿ ತಾಗಿರಲಿಲ್ಲ. ಮೇಷ್ಟ್ರು ಗಾಬರಿಯಾಗಿ ಹೊರಗೆ ಬಂದರು.

"ಹಳ್ಳ ಬಂದ್ರ ಹಾಜರಿ ಹಾಕ್ತೀನಂತ ಹೇಳೀನಲ್ಲಪ. ಯಾಕ ಜೀವಕ್ಕ ತ್ರಾಸ ಮಾಡ್ಕೊಂಡಿ?"

ಆತ ಮಗಳನ್ನು ಮೆಲ್ಲಗೆ ಇಳಿಸಿದ. "ಹಾಜರಿ ನೀವು ಹಾಕ್ತೀರಿ, ಖರೆ. ಇವತ್ತಿನ ಪಾಠ ಆಕಿಗೆ ನಾ ಹೆಂಗ ಹೇಳ್ಲಿರಿ? ನನಗ ಅಕ್ಷರ ಬರಂಗಿಲ್ಲ."

ಅಲ್ಲಿಯವರೆಗೆ ನಾನು ಅವಳ ಹಳ್ಳಕ್ಕೆ ಕರುಬುತ್ತಿದ್ದೆ. ಆ ಗಳಿಗೆಯಿಂದ ಅವಳ ಅಪ್ಪನಿಗೆ ಕರುಬತೊಡಗಿದೆ. ಕುಳಿತೇ ಹಾಜರಿ ಸಿಗುವವಳಿಗೆ ಅಂಥ ಅಪ್ಪ ಬೇರೆ ಯಾಕೆ ಬೇಕಿತ್ತು? ಮೇಷ್ಟ್ರು ತಮ್ಮ ಹೆಗಲ ಮೇಲಿನ ವಲ್ಲಿಯನ್ನೇ ಆತನಿಗೆ ಮೈ ಒರೆಸಿಕೊಳ್ಳಲು ಕೊಟ್ಟರು.

ಅಷ್ಟರಲ್ಲಿ ಕೂಸು ಅಳಲು ಹತ್ತಿತು. ಎತ್ತುಗಳಿಗೆ ನೀರು ಕುಡಿಸಿ ಬರುತ್ತಿದ್ದ ನನ್ನಪ್ಪ ಆ ದನಿ ಗುರುತಿಸಿ ಕಟ್ಟೆಯ ಬಳಿ ನಿಂತ. ಕೂಸಿಗೆ ಹಸಿವಾಗಿದೆ, ಮನೆಗೆ ನಡೆ ಅಂದ. ಹೆಸರು ಕರೆಯುವ ತನಕ ಇರುತ್ತೇನೆ ಎಂದು ಗೋಗರೆದೆ. ಆತ ಸಿಟ್ಟಾಗಲಿಲ್ಲ, ಸುಮ್ಮನೆ ಮುಂದೆ ನಡೆದ. ನಾನು ಹಿಂದೆ ಹೋದೆ.

ಮೇಷ್ಟ್ರು ಹೇಳಿದಂತೆಯೇ ಮಾಡಿದರು. ಹೆಸರು ಹೊಡೆದ ಸುದ್ದಿ ಹೇಳಿದಾಗ ಅಪ್ಪ ರೊಟ್ಟಿ ಮುರಿಯುತ್ತಿದ್ದ. ಮನೆಯವರು ಒಂದು ಮಾತು ಬಂದು ಕೇಳಿದರೆ ಮತ್ತೆ ಸೇರಿಸಿಕೊಳ್ಳುತ್ತಾರಂತೆ ಅಂದೆ.

"ಇರ್ಲಿ ಬಿಡು," ಅಂದ. "ಕೂಸಿನ್ನ ನೋಡ್ಕೊಳ್ಳಾಕ ಒಬ್ರು ಬೇಕ ಬೇಕಲ್ಲ."