ಎದುರುಮನೆ ದೊಡ್ಡಮ್ಮನ ಅನುಮಾನ

ಹೊಸನಗರದಲ್ಲಿ ಗೆಳತಿಯೊಬ್ಬಳನ್ನು ನೋಡಿಕೊಂಡು ತೀರ್ಥಹಳ್ಳಿಗೆ ವಾಪಸು ಬರುತ್ತಿದ್ದೆ. ಬಸ್ಸಿನಲ್ಲಿ ಆ ವಾಸನೆ ಬಂತು. ಉಳುಕಿಗೆ ತಿಕ್ಕುವ ಎಣ್ಣೆಯದು. ಕರ್ಪೂರ, ಬೆಳ್ಳುಳ್ಳಿ, ಹೆಸರು ಗೊತ್ತಿಲ್ಲದ ಯಾವುದೋ ಬೇರು... ಎಲ್ಲ ಸೇರಿ ಮೂಗಿನಲ್ಲೇ ಕೂತುಬಿಡುವಂಥದ್ದು. ತಿರುಗಿ ನೋಡಿದರೆ ಆಚೆ ಬದಿಯ ಸೀಟಿನಲ್ಲಿ ಒಬ್ಬ ತಾಯಿ, ಅವಳ ಪಕ್ಕ ಹೈಸ್ಕೂಲು ವಯಸ್ಸಿನ ಮಗಳು. ಮಗಳ ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳುವುದು ಸರಿಯಲ್ಲ ಅನ್ನಿಸಿತು. ಆದರೆ ತೀರ್ಥಹಳ್ಳಿ ಬರುವವರೆಗೆ ನನ್ನ ಕಣ್ಣು ಆ ಕಾಲನ್ನು ಬಿಡಲಿಲ್ಲ. ಗುರುತು ಪರಿಚಯವಿಲ್ಲದವರ ಕಾಲನ್ನು ಹೀಗೆ ಅನುಮಾನದಿಂದ ನೋಡುವ ಚಟವನ್ನು ನನಗೆ ಹತ್ತಿಸಿದವರು ಸಾಗರದ ನಮ್ಮ ಎದುರುಮನೆಯ ದೊಡ್ಡಮ್ಮ.

ಅವರು ನಮಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಬೀದಿಯ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು, ನೋಡನೋಡುತ್ತ ನಮ್ಮ ಅಪ್ಪ ಅಮ್ಮನೂ ಹಾಗೇ ಕರೆಯತೊಡಗಿದರು. ಹುಡುಗಿಯರ ಸರ್ಕಾರಿ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು, ಒಬ್ಬರೇ ಇದ್ದರು. ಕೆಲಸ ಬಿಟ್ಟರೂ ಕೆಲಸದ ಬುದ್ಧಿ ಬಿಟ್ಟಿರಲಿಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಟೀ ಕೊಟ್ಟರೂ ಮೊದಲು ಲೋಟದೊಳಗೆ ಇಣುಕಿ ಆಮೇಲೇ ಬಾಯಿಗಿಡುವುದು. ಬಂದವರು ಹೊರಟರೆ ಗೇಟಿನವರೆಗೆ ಬರುತ್ತಿದ್ದರು. ಮರ್ಯಾದೆಗೆ ಅಂದುಕೊಂಡರೆ ನಾವು ಪೆದ್ದರು. ಗೇಟಿನ ಚಿಲಕ ಸರಿಯಾಗಿ ಹಾಕುತ್ತೇವೋ ಇಲ್ಲವೋ ಎಂದು ನೋಡುವುದಕ್ಕೆ.

"ನಿಮ್ಗೆ ನಂಬ್ಕೆ ಇರೋದಾದ್ರೂ ಯಾರ ಮೇಲೆ ದೊಡ್ಡಮ್ಮ?" ಎಂದು ಅಮ್ಮ ಒಮ್ಮೆ ನಗುತ್ತ ಕೇಳಿದ್ದಳು.

"ಚಿಲಕದ ಮೇಲೆ. ಅದೂ ಹೊಸದಾಗಿದ್ರೆ" ಎಂದಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಥ್ರೋಬಾಲ್ ಆಡುವಾಗ ಬಿದ್ದೆ. ಬಲಗಾಲಿನ ಮೊಣಕಾಲಿಗಿಂತ ತುಸು ಮೇಲೆ ನೋವು ಶುರುವಾಯಿತು. ಬಿದ್ದದ್ದಕ್ಕೆ ನೋವು ಎಂದು ಎಲ್ಲರೂ ತೀರ್ಮಾನಿಸಿದರು, ನಾನೂ. ನಿಜ ಹೇಳಬೇಕೆಂದರೆ ಬೀಳುವ ಮೊದಲೇ ಅಲ್ಲಿ ಏನೋ ಒಳಗೊಳಗೆ ಚುಚ್ಚುತ್ತಿತ್ತು... ಬಿದ್ದ ಮೇಲೆ ಅದಕ್ಕೊಂದು ಕಾರಣ ಸಿಕ್ಕಿತು ಅಷ್ಟೆ. ಆಡುವಾಗಿನ ನೋವು ಮಲಗಿದರೆ ಹೋಗಬೇಕು. ಇದು ಮಲಗಿದ ಮೇಲೇ ಏಳುತ್ತಿತ್ತು. ಡಾಕ್ಟರ ಹತ್ತಿರ ಹೋದೆವು. ಬೆಳೆಯುವ ವಯಸ್ಸಿನ ನೋವು ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯಿತು, ನೋವು ಉಳಿಯಿತು. ಅಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಸನಗರದ ಕಡೆ ಒಬ್ಬ ಎಣ್ಣೆ ತಿಕ್ಕುವವನ ಹತ್ತಿರ ಕರೆದೊಯ್ದರು. ನರ ಸಿಕ್ಕಿಹಾಕಿಕೊಂಡಿದೆ ಎಂದ ಆತ, ಹಿಟ್ಟು ನಾದಿದ ಹಾಗೆ ನಾದಿದ. ನನ್ನ ಕಿರುಚಾಟಕ್ಕೆ ಅವನ ಮನೆ ನಾಯಿ ಎದ್ದು ಆಚೆ ಹೋಯಿತು. ತಿಕ್ಕಿದಷ್ಟೂ ಊತ ಜಾಸ್ತಿಯಾಯಿತು. ಊತ ಬಂದದ್ದು ಒಳ್ಳೆಯ ಲಕ್ಷಣವಂತೆ, ಕೆಟ್ಟದ್ದು ಹೊರಗೆ ಬರುತ್ತಿದೆಯಂತೆ!

ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲದಿರಲು ಕಾರಣವಿತ್ತು. ಗಣಿತದ ಟ್ಯೂಷನ್ನಿನ ದಿನ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಈಗ ಕಾಲುನೋವು ಎಂದರೆ ಯಾರು ನಂಬುತ್ತಾರೆ? ದೊಡ್ಡಮ್ಮನಂತೂ ಮೊದಲ ದಿನದಿಂದಲೇ ನಂಬಿರಲಿಲ್ಲ. ಹಾಸ್ಟೆಲಿನಲ್ಲಿ ಪರೀಕ್ಷೆ ಬಂದರೆ ಹುಡುಗಿಯರಿಗೆ ಬರುವ ನಾನಾ ನಮೂನೆಯ ನೋವುಗಳನ್ನು ನೋಡಿ ಪಳಗಿದವರು ಅವರು. ಕಳ್ಳನೋವನ್ನು ಹಿಡಿಯಲು ಅವರದೇ ಒಂದು ದಾರಿ ಇತ್ತು. ಹುಡುಗಿಯನ್ನು ಏನೂ ಕೇಳುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲ ಎಂದು ಅವಳು ಅಂದುಕೊಂಡಾಗ ಮರೆಯಲ್ಲಿ ನಿಂತು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಪ್ಪ ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಗೆ, ಅಮ್ಮ ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಒಣಗಿದ ಬಟ್ಟೆ ತರಲು ಹೊರಗೆ ಹೋದೆ. ಬಾಗಿಲಿಂದ ತಂತಿಯವರೆಗೆ ಗೋಡೆ ಹಿಡಿದುಕೊಂಡೇ ನಡೆದೆ. ಅರ್ಧದಲ್ಲಿ ನಿಂತು ಗೋಡೆಗೆ ಹಣೆಯಿಟ್ಟು ಉಸಿರು ಬಿಟ್ಟೆ. ಕಣ್ಣು ತೆರೆದರೆ ನಮ್ಮದೇ ತಂತಿಯ ಸೀರೆಯ ಆಚೆ ದೊಡ್ಡಮ್ಮ ನಿಂತಿದ್ದಾರೆ! ನಮ್ಮ ಅಂಗಳಕ್ಕೆ ಯಾವಾಗ ಬಂದರೋ, ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮುಖ ನೋಡಿದ ಮೇಲೆ ಇಳಿಯಿತು. ಆ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಅಪ್ಪ ಬರುವುದನ್ನೇ ಕಾದು ನಮ್ಮ ಮನೆಗೆ ಬಂದರು. "ಇದು ನಾಟ್ಕ ಅಲ್ಲ ಮಾರಾಯ. ನಾಟ್ಕ ಮಾಡೋರು ಯಾರೂ ಇಲ್ದಾಗ ಕುಂಟಲ್ಲ. ನಾಳೆ ಎಕ್ಸ್‌ರೇ ತೆಗೆಸು. ಆ ಎಣ್ಣೆ ಮೋರಿಗೆ ಚೆಲ್ಲು."

ಅಪ್ಪನಿಗೆ ರೇಗಿತು. ನಮ್ಮ ಮಗಳು, ನಾವು ನೋಡಿಕೊಳ್ಳುತ್ತೇವೆ ಎಂದರು. ದೊಡ್ಡಮ್ಮ ಮರುದಿನ ಬೆಳಿಗ್ಗೆ ಆಟೋ ತರಿಸಿ ನಮ್ಮ ಗೇಟಿನ ಮುಂದೆ ನಿಲ್ಲಿಸಿಕೊಂಡು ಕೂತರು. ಬೀದಿಯವರೆಲ್ಲ ನೋಡತೊಡಗಿದ ಮೇಲೆ ಅಪ್ಪ ಅಂಗಿ ಹಾಕಿಕೊಂಡು ಬಂದರು.

ಎಕ್ಸ್‌ರೇ ತೆಗೆದ ಹುಡುಗ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ, ಮತ್ತೊಮ್ಮೆ ನೋಡಿದ, ಒಳಗೆ ಹೋದ. "ಅವ್ನು ಎರಡೆರಡು ಸಲ ಯಾಕೆ ನೋಡ್ದ?" ಎಂದು ದೊಡ್ಡಮ್ಮ ಅಪ್ಪನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಡಾಕ್ಟರು ನಮ್ಮನ್ನು ಒಳಗೆ ಕರೆದರು. ಮೂಳೆಯಲ್ಲಿ ಗೆಡ್ಡೆಯ ಹಾಗೆ ಕಾಣುತ್ತಿದೆ, ಇನ್ನು ಆ ಕಾಲನ್ನು ಯಾರೂ ತಿಕ್ಕಬಾರದು, ಕೂಡಲೇ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು.

ಘಟ್ಟ ಇಳಿದು ಹೋದಾಗ ದೊಡ್ಡಮ್ಮನೂ ಬಂದರು. ಬರಬೇಡಿ ಎನ್ನುವ ಧೈರ್ಯ ಅಪ್ಪನಿಗಿರಲಿಲ್ಲ. ಅಲ್ಲಿ ಎಂ.ಆರ್.ಐ. ಆಯಿತು. ಗೆಡ್ಡೆಯ ಚೂರು ತೆಗೆದು ಪರೀಕ್ಷಿಸಬೇಕು ಎಂದಾಗ ದೊಡ್ಡಮ್ಮ ಎದ್ದು ನಿಂತರು. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಟ್ಟಾಗಲಿಲ್ಲ.

"ಕಂಡಕಂಡಲ್ಲಿ ಚುಚ್ಚಿಸ್ಬಾರ್ದು ಅನ್ನೋದು ನಿಜ ಅಮ್ಮ. ಅದಕ್ಕೇ ಮುಂದೆ ಆಪರೇಷನ್ ಮಾಡೋರೇ ಜಾಗ ನೋಡಿ ತೆಗೀತೀವಿ. ಆಪರೇಷನ್‌ನಲ್ಲಿ ಸೂಜಿ ಹೋದ ದಾರಿನೂ ಸೇರ್ಸಿ ತೆಗ್ದುಬಿಡ್ತೀವಿ."

ದೊಡ್ಡಮ್ಮ ಕೂತರು. ಒಪ್ಪಿದರು ಎಂದಲ್ಲ, ಮುಂದಿನ ಪ್ರಶ್ನೆಗೆ ಕೂತದ್ದು.

ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್ ಎಂದು ಖಚಿತವಾಯಿತು. ಬೆಳೆಯುವ ಮಕ್ಕಳಿಗೆ ಬರುವ ಬಗೆ, ಮೊಣಕಾಲಿನ ಸುತ್ತಮುತ್ತ ಜಾಸ್ತಿಯಂತೆ. ಬಿದ್ದದ್ದರಿಂದ ಬಂದದ್ದಲ್ಲ, ಬಿದ್ದದ್ದರಿಂದ ಕಣ್ಣಿಗೆ ಬಿದ್ದದ್ದು. ಇದು ಹೋಗುವುದಾದರೆ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಎದೆಯದ್ದೂ ಸ್ಕ್ಯಾನ್ ಮಾಡಿದರು. ಅಲ್ಲೇನೂ ಕಾಣಲಿಲ್ಲ. ಮೊದಲು ಕೀಮೋ, ನಂತರ ಆಪರೇಷನ್, ಮತ್ತೆ ಕೀಮೋ ಎಂದರು. ಕುಯ್ಯುವುದು ಖಂಡಿತ ಅಂದಮೇಲೆ ಮೊದಲೇ ಕುಯ್ಯಬಾರದೇಕೆ, ತಿಂಗಳುಗಟ್ಟಲೆ ಔಷಧಿ ಯಾರ ಲಾಭಕ್ಕೆ ಎಂದು ದೊಡ್ಡಮ್ಮ ನೇರವಾಗಿ ಕೇಳಿಯೇಬಿಟ್ಟರು. ಅಮ್ಮ ನಾಚಿಕೆಯಿಂದ ನೆಲ ನೋಡಿದಳು. ಡಾಕ್ಟರು ತಾಳ್ಮೆಯಿಂದ ಹೇಳಿದರು: ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಆಗಲೇ ಮೈಯಲ್ಲಿ ಬೇರೆಲ್ಲೋ ಕೂತಿರಬಹುದು, ಕತ್ತಿಗೆ ಸಿಗದ ಅವನ್ನು ಔಷಧಿಯೇ ಹುಡುಕಿಕೊಂಡು ಹೋಗಬೇಕು, ಆಮೇಲೆ ತೆಗೆದ ಮೂಳೆಯಲ್ಲಿ ಎಷ್ಟು ಸತ್ತಿದೆ ಎಂದು ನೋಡಿದರೆ ಔಷಧಿ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ.

ಕಾಲಿನ ಮಾತು ಬಂತು. ರಕ್ತನಾಳ, ನರಗಳಿಗೆ ಗೆಡ್ಡೆ ಅಂಟಿಕೊಂಡಿರದಿದ್ದರೆ ಆ ಭಾಗದ ಮೂಳೆ ತೆಗೆದು ಲೋಹದ ಕೀಲು ಕೂರಿಸಬಹುದು. ಅಂಟಿಕೊಂಡಿದ್ದರೆ ಕಾಲನ್ನೇ ತೆಗೆಯಬೇಕಾದೀತು. ಅಪ್ಪ ಕೈಮುಗಿದು, ಏನಾದರೂ ಮಾಡಿ ಕಾಲು ಉಳಿಸಿ, ಹೆಣ್ಣುಹುಡುಗಿ ಎಂದು ಅತ್ತರು. ಅಪ್ಪ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕಾಲು ಉಳಿಸಿ ಅಂತಿದೀಯಲ್ಲ, ಮೊದ್ಲು ಹುಡುಗೀನ ಉಳಿಸಿ ಅನ್ನು" ಎಂದರು ದೊಡ್ಡಮ್ಮ. ಅಪ್ಪ ಆಮೇಲೆ ಹಾಗೇ ಕೇಳಿದರು.

ಕೀಮೋದ ದಿನಗಳನ್ನು ಬರೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಬಾಯಿತುಂಬ ಹುಣ್ಣು, ದಿಂಬಿನ ಮೇಲೆ ಕೂದಲು, ರಕ್ತದ ಕಣ ಕಡಿಮೆಯಾಗಿ ಮುಂದಕ್ಕೆ ಹೋಗುವ ತಾರೀಖುಗಳು... ನನಗೆ ಎಲ್ಲರ ಮೇಲೂ ಅನುಮಾನ ಶುರುವಾಗಿತ್ತು. ಅಮ್ಮ ಹೊರಗೆ ಹೋಗಿ ಮುಖ ತೊಳೆದು ಬಂದರೆ ಅನುಮಾನ. ನರ್ಸು ಚೆನ್ನಾಗಿ ಮಾತಾಡಿದರೆ ಇನ್ನೂ ಅನುಮಾನ. ವಾಸಿಯಾಗುತ್ತದೆ ಪುಟ್ಟ ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಒಂದು ದಿನ ದೊಡ್ಡಮ್ಮ ಬಂದಾಗ ಕೇಳಿದೆ, ನಾನು ಸಾಯ್ತೀನಾ ಎಂದು.

"ಗೊತ್ತಿಲ್ಲ ಕಣೇ" ಎಂದರು. "ಔಷಧಿ ಹಿಡೀತಿದೆ ಅಂತಾರೆ. ನಾನೂ ನೋಡ್ತಾನೇ ಇದೀನಿ."

ನಾನು ಆ ಮಾತನ್ನು ನಂಬಿದೆ. ಅವರು ನೋಡುತ್ತಿದ್ದಾರೆ ಎಂದರೆ ಅವರ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ ಎಂಬ ಧೈರ್ಯ.

ಕಾಲು ಉಳಿಯಿತು. ಒಳಗೆ ಲೋಹವಿದೆ. ಮೋಟಾರಿನ ಶಾಫ್ಟ್ ಬದಲಾಯಿಸಿದ ಹಾಗೇ ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದರು. ಸ್ವಲ್ಪ ಕುಂಟುತ್ತೇನೆ, ಹಾರುವುದು ಕುಣಿಯುವುದು ಇಲ್ಲ, ಮುಂದೊಂದು ದಿನ ಆ ಕೀಲನ್ನೂ ಬದಲಾಯಿಸಬೇಕಾಗಬಹುದು. ಓದಿದೆ, ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಲೈಬ್ರರಿಯ ಕೆಲಸ ಸಿಕ್ಕಿತು. ಸಾಗರಕ್ಕೆ ಹೋದಾಗಲೆಲ್ಲ ದೊಡ್ಡಮ್ಮ ನನ್ನನ್ನು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿಯೇ ಒಳಗೆ ಬಿಡುತ್ತಿದ್ದರು.

ಮೂರು ವರ್ಷದ ಹಿಂದೆ ಹೀಗೇ ಹೋಗಿದ್ದೆ. ಅಂದು ನಡೆಸಲಿಲ್ಲ. ಕುರ್ಚಿಯಲ್ಲಿ ಕೂತೇ ಮಾತಾಡಿದರು, ನಾನೇ ಟೀ ಮಾಡಿಕೊಟ್ಟೆ, ಲೋಟದೊಳಗೆ ಇಣುಕಲೂ ಇಲ್ಲ. ಹೊರಟಾಗ ಕೂತಲ್ಲಿಂದಲೇ, "ಗೇಟ್ ಹಾಕ್ಕೊಂಡು ಹೋಗೇ" ಎಂದರು. ಹಾಕಿದೆ. ನಾಲ್ಕು ಹೆಜ್ಜೆ ಹೋದವಳಿಗೆ ಕಾಲು ಮುಂದೆ ಬರಲಿಲ್ಲ. ಚಿಲಕ ನೋಡಲು ಬರದ ದೊಡ್ಡಮ್ಮನನ್ನು ನಾನು ಯಾವತ್ತಾದರೂ ಕಂಡಿದ್ದೇನೆಯೇ? ಸದ್ದಿಲ್ಲದೆ ವಾಪಸು ಬಂದು ಕಿಟಕಿಯ ಪಕ್ಕ ನಿಂತೆ. ಅವರು ಕುರ್ಚಿಯ ಕೈ ಹಿಡಿದು ಎದ್ದರು. ಗೋಡೆ ಹಿಡಿದರು. ಎರಡು ಹೆಜ್ಜೆಯಿಟ್ಟು, ಗೋಡೆಗೆ ಹಣೆಯಿಟ್ಟು ನಿಂತರು.

ನಾನು ಒಳಗೆ ಹೋದೆ. ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

"ಕದ್ದು ನೋಡೋದು ಯಾರ ಹತ್ರ ಕಲ್ತೆ?" ಎಂದರು.

"ನಿಮ್ಮ ಹತ್ರಾನೇ."

ಬೆನ್ನುನೋವಂತೆ. ಹಾಸಿಗೆ ಗಟ್ಟಿ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದರು. ಎದೆಯಲ್ಲಿ ಒಂದು ಗಂಟಿದ್ದ ವಿಷಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ವರ್ಷದ ಮೇಲಾಗಿತ್ತಂತೆ. ನನಗೆ ಚಿಕಿತ್ಸೆಯಾದ ಆಸ್ಪತ್ರೆಗೇ ಕರೆದೊಯ್ದೆ. ಸ್ತನದಲ್ಲಿ ಹುಟ್ಟಿದ್ದು ಬೆನ್ನುಮೂಳೆಗೆ ಬಂದು ಕೂತಿತ್ತು. ನನ್ನದು ಮೂಳೆಯದೇ ಕ್ಯಾನ್ಸರ್, ಅವರದು ಮೂಳೆಗೆ ಬಂದ ಕ್ಯಾನ್ಸರ್. ಹೆಸರು ಒಂದೇ ಥರ ಕೇಳಿದರೂ ಚಿಕಿತ್ಸೆ ಬೇರೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಪೂರ್ತಿ ತೆಗೆದುಹಾಕುವ ಹಂತ ದಾಟಿದೆ, ಹಿಡಿತದಲ್ಲಿ ಇಡಬಹುದು. ಬೆನ್ನಿಗೆ ರೇಡಿಯೇಷನ್, ಮೂಳೆ ಮುರಿಯದಂತೆ ಇಂಜೆಕ್ಷನ್, ದಿನಾ ಮಾತ್ರೆ. ನೋವು ಇಳಿಯಿತು. ಒಮ್ಮೆ ಇಕ್ಕೇರಿಗೆ ಕರೆದುಕೊಂಡು ಹೋದಾಗ ದೇವಸ್ಥಾನದ ಮೆಟ್ಟಿಲನ್ನು ನನ್ನ ಕೈ ಹಿಡಿದು ತಾವೇ ಹತ್ತಿದರು. ಪ್ರಸಾದವನ್ನು ಮೂಸಿ ನೋಡಿಯೇ ತಿಂದರು.

ಹಾಲಿನವನನ್ನು, ಸಿಲಿಂಡರನ್ನು, ನನ್ನ ಕಾಲನ್ನು ಅನುಮಾನಿಸಿದವರು ತಮ್ಮ ಮೈಯಲ್ಲಿ ಕೈಗೆ ಸಿಕ್ಕ ಗಂಟನ್ನು ಯಾಕೆ ಸುಮ್ಮನೆ ಬಿಟ್ಟರು? ನನಗೆ ಇದಕ್ಕೆ ಇನ್ನೂ ಸಿಟ್ಟಿದೆ. ಒಮ್ಮೆ ಕೇಳಿಯೂಬಿಟ್ಟೆ. "ನನ್ನ ನೋಡೋಕೆ ಯಾರಿದ್ರು ಹೇಳು" ಎಂದರು. ಕಳೆದ ವರ್ಷ ಹೋಗಿಬಿಟ್ಟರು...

ಬಸ್ಸು ತೀರ್ಥಹಳ್ಳಿಯಲ್ಲಿ ನಿಂತಾಗ ಆ ತಾಯಿ ಮಗಳೂ ಇಳಿದರು. ನಾನು ಅಂಗಡಿಯೊಂದರ ಮರೆಗೆ ಹೋಗಿ ಫೋನು ಕಿವಿಗಿಟ್ಟುಕೊಂಡು ನಿಂತೆ. ತಾಯಿ ಚೀಲ ಸರಿಮಾಡಿಕೊಳ್ಳುತ್ತಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡ ಹುಡುಗಿ ಐಸ್‌ಕ್ರೀಮ್ ಗಾಡಿಯತ್ತ ಓಡಿದಳು. ಬಟ್ಟೆ ಸುತ್ತಿದ ಕಾಲಿನಲ್ಲೇ ಮೋರಿ ಹಾರಿದಳು. ಬರೀ ಉಳುಕು ಇರಬೇಕು. ಎದೆ ಹಗುರಾಯಿತು. ಒಂದು ಸಲ ನೋಡಿದರೆ ಸಾಕೇನೇ ಎಂದು ದೊಡ್ಡಮ್ಮ ಗದರಿದಂತಾಗಿ, ಅವಳು ವಾಪಸು ಬರುವುದನ್ನೂ ನೋಡಿದೆ.

ಅಷ್ಟರಲ್ಲಿ ತಾಯಿಯ ಕಣ್ಣು ನನ್ನ ಮೇಲೆ ಬಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಮಗಳನ್ನೇ ನೋಡಿದವಳು ನಾನು, ಈಗ ಮರೆಯಲ್ಲಿ ನಿಂತು ನೋಡುತ್ತಿದ್ದೇನೆ. ಮಗಳ ಕೈ ಹಿಡಿದು ತನ್ನ ಆಚೆ ಬದಿಗೆ ಎಳೆದುಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಡೆಯುತ್ತ ಹೋಗಿ, ತಿರುವಿನಲ್ಲಿ ಮತ್ತೊಮ್ಮೆ ತಿರುಗಿ ನೋಡಿದಳು. ನನಗೆ ಬೇಜಾರಾಗಲಿಲ್ಲ. ಆ ಹುಡುಗಿಗಾಗಿ ಅನುಮಾನಪಡುವವಳು ಒಬ್ಬಳಿದ್ದಾಳೆ. ನನಗಿದ್ದವರು ಈಗ ಇಲ್ಲ.