ಲೋಕೇಶ ಕಲಿಯದೇ ಬಿಟ್ಟ ಪದ

ತಾಳ ಹಿಡಿದ ಕೈಗಳೆಲ್ಲ ಮೇಲೆದ್ದಿದ್ದವು. ಹಾಡು ಶುರುವಾಯಿತು, ಮುಗಿದೂ ಹೋಯಿತು. ಒಂದು ತಾಳವೂ ಬೀಳಲಿಲ್ಲ!

ಕಳೆದ ಭಾನುವಾರ ಗುಬ್ಬಿ ಹತ್ತಿರದ ಹಳ್ಳಿಯೊಂದರಲ್ಲಿ ಲೋಕೇಶನ ಅಪ್ಪನ ತಿಥಿ. ಊಟವಾದ ಮೇಲೆ ಚಪ್ಪರದಡಿ ಭಜನೆ. ಲೋಕೇಶನ ಅಪ್ಪ ಊರಿನ ಭಜನೆ ಮಂಡಳಿಗೆ ಮುಂದೆ ನಿಂತು ಪದ ಹೇಳುತ್ತಿದ್ದವರು. ಅವರು ಚರಣ ಹೇಳಬೇಕು, ಉಳಿದವರು ಪಲ್ಲವಿ ಎತ್ತಿಕೊಳ್ಳಬೇಕು. ಕೆಲವು ಪದ ಅವರೇ ಕಟ್ಟಿದ್ದು.

"ನಿಮ್ಮಪ್ಪಂದು ಒಂದ್ ಪದ ಹೇಳ್ಲಾ ಲೋಕಿ" ಅಂದರು ಮಂಡಳಿಯ ಹಿರಿಯ ರಂಗಣ್ಣ.

"ಅವು ನಂಗೆ ಬರಲ್ಲ ಮಾವ. ನಂದೇ ಒಂದು ಹಾಡ್ತೀನಿ."

ಲೋಕೇಶ ಗೊತ್ತಲ್ಲ? (ಹೊಸ ಓದುಗರಿಗೆ: ಶೆಟ್ಟಿಹಳ್ಳಿಯಲ್ಲಿ ನಮ್ಮ ಎದುರು ಮನೆಯವನು. ಹಗಲು ಹಿರೇಹಳ್ಳಿಯ ಫ್ಯಾಕ್ಟರಿ, ಸಂಜೆ ಗಿಟಾರ್.) ಸ್ವಂತ ಹಾಡು ಬರೆಯುವ ಹುಚ್ಚು. ಕವರ್ ಸಾಂಗ್ ಅಂದರೆ ಮೈ ಪರಚಿಕೊಳ್ಳುತ್ತಾನೆ. ಬೇರೆಯವರ ಹಾಡು ಕಲಿತರೆ ತನ್ನ ಟ್ಯೂನ್ ಕೆಟ್ಟುಹೋಗುತ್ತದಂತೆ! ಅಲ್ಲಾ ಸ್ವಾಮಿ, ನೆಂಟರ ಮನೆಯ ಸಾರು ಉಂಡರೆ ನಮ್ಮ ಮನೆಯ ಸಾರಿನ ರುಚಿ ಕೆಡುತ್ತದೆಯೇ?

ಅವನು ಹಾಡಿದ್ದು ಅಪ್ಪನ ಮೇಲೆಯೇ ಬರೆದ ಹಾಡು. ಸಾಹಿತ್ಯ ಚೆನ್ನಾಗಿತ್ತು, ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಸಾಲಿನ ಬೆನ್ನಿಗೆ ಸಾಲು, ಎಲ್ಲವೂ ಅವನೊಬ್ಬನದೇ. ಮಂಡಳಿಯವರು ಸೇರಿಕೊಳ್ಳಲು ಕಾದರು, ಜಾಗ ಸಿಗಲಿಲ್ಲ. "ಚೆನ್ನಾಗೈತೆ ಬುಡಪ್ಪ" ಅನ್ನುತ್ತಾ ರಂಗಣ್ಣ ತಾಳ ಕೆಳಗಿಟ್ಟರು.

ಆಮೇಲೆ ಅವರೇ ಲೋಕೇಶನ ಅಪ್ಪ ಕಟ್ಟಿದ ಪದವೊಂದರ ಪಲ್ಲವಿ ಎತ್ತಿದರು. ಇಡೀ ಚಪ್ಪರ ದನಿಗೂಡಿಸಿತು. ಅಡುಗೆಯವರು ಹಾಡಿದರು, ಎಲೆ ಎತ್ತುತ್ತಿದ್ದವರು ಹಾಡಿದರು, ಮೂಲೆಯಲ್ಲಿ ಕೂತಿದ್ದ ಲೋಕೇಶನ ಅಮ್ಮನೂ ಹಾಡಿದರು. ಪಲ್ಲವಿ ಮುಗಿಯಿತು. ಎಲ್ಲರೂ ಸುಮ್ಮನಾದರು. ಮತ್ತೆ ಅದನ್ನೇ ಎತ್ತಿದರು, ಮತ್ತೆ ನಿಂತರು. ಚರಣ ಹೇಳುವುದು ಲೋಕೇಶನ ಅಪ್ಪನ ಕೆಲಸ ಎಂದು ಉಳಿದವರು ಯಾರೂ ಅದನ್ನು ಕಲಿತಿರಲಿಲ್ಲ. ಅವರಿದ್ದರಲ್ಲ!

"ಫೋನಲ್ಲಿ ರೆಕಾರ್ಡ್ ಇದ್ದೇ ಇರುತ್ತೆ" ಅಂದೆ. ಎಲ್ಲರೂ ಹುಡುಕಿದರು. ವಿಡಿಯೋಗಳೇನೋ ಸಿಕ್ಕವು. ಎಲ್ಲವೂ ಪಲ್ಲವಿಯವೇ. (ನಾಲ್ಕಾರು ಜನ ಒಟ್ಟಿಗೆ ಹಾಡುವಾಗ ನೋಡಲು ಚೆಂದ, ಅದಕ್ಕೇ ಆಗ ಶೂಟ್ ಮಾಡಿದ್ದರು.)

ನಾನು ಹೊರಟಾಗ ಲೋಕೇಶ ಬಸ್ ಸ್ಟಾಪಿನವರೆಗೂ ಬಂದ.

"ಬಾರ್ಲಾ, ಒಂದೆರಡು ಪದ ಕಲ್ತ್ಕೋ ಅಂತ ಅಪ್ಪ ಕರೀತಾನೇ ಇದ್ರು ಸಾರ್. ನಂದು ಬೇರೆ ಸ್ಟೈಲು ಅಂತಿದ್ದೆ. ಅವನ್ನ ಹಾಡಿ ನೋಡಿದ್ರೆ ತಾನೇ ಗೊತ್ತಾಗ್ತಿತ್ತು, ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಜನಕ್ಕೆ ಬಿಡ್ಬೇಕು ಅಂತ. ನನ್ನ ಹಾಡಲ್ಲಿ ನಮ್ಮಮ್ಮಂಗೂ ಜಾಗ ಇಲ್ವಲ್ಲ ಸಾರ್..."

ಹಾಡೊಂದನ್ನು ಎಷ್ಟು ಸಲ ಕೇಳಿದರೂ ಅದನ್ನು ಹೇಗೆ ಕಟ್ಟಿದ್ದಾರೆಂದು ತಿಳಿಯುವುದಿಲ್ಲ. ನಾವೇ ಬಾಯಿಬಿಟ್ಟು ಹಾಡಿದಾಗ, ಉಸಿರು ಸಿಕ್ಕಿಕೊಂಡು ಎಡವಿದಾಗ ತಿಳಿಯುತ್ತದೆ. ಇಷ್ಟು ಸಣ್ಣ ಮಾತನ್ನು ನಾವು ಎಷ್ಟು ತಡವಾಗಿ ಒಪ್ಪಿಕೊಳ್ಳುತ್ತೇವೆ!

ಮೊನ್ನೆಯಿಂದ ಲೋಕೇಶ ಕುಣಿಗಲ್ ಕಡೆಯ ಇನ್ನೊಂದು ಮಂಡಳಿಗೆ ಹೋಗಿ ಕೂರುತ್ತಿದ್ದಾನೆ. ಅವರು ಪಲ್ಲವಿ, ಚರಣ ಎರಡನ್ನೂ ಹೇಳಿಕೊಡುತ್ತಾರಂತೆ. ಇವನು ಹಟ ಹಿಡಿದು ಕಲಿಯುತ್ತಿದ್ದಾನೆ. ಇನ್ನು ಮೇಲೆ ಬರೆಯುವ ಹಾಡುಗಳಲ್ಲಿ ನಾಲ್ಕು ಜನಕ್ಕೆ ಜಾಗ ಇದ್ದೀತು.

ಬೇರೆಯವರ ಪದ ಊರೂರಲ್ಲಿ ಸಿಗುತ್ತದೆ, ಅಪ್ಪನ ಚರಣ ಯಾರನ್ನು ಕೇಳುವುದು?